ಹಿಂದಿನ ಗಾಲಿಯ ಊರುಗೋಲು

ಕಾರಿನ ಅಡಿಗೆ ಹೋಗುವ ಮುಂಚೆ ಮೇಸ್ತ್ರಿ ಚಪ್ಪಲಿ ಬಿಡುತ್ತಿದ್ದ. ಬಿಟ್ಟ ಚಪ್ಪಲಿಯನ್ನು ಬಾಗಿ ಕೈಯಿಂದ ತಿರುಗಿಸಿ, ಮೂತಿ ರಸ್ತೆಯ ಕಡೆಗೆ ಬರುವಂತೆ ಇಡುತ್ತಿದ್ದ. ಓಡಬೇಕಾಗಿ ಬಂದರೆ ಕಾಲಿಗೆ ಸಿಗಲಿ ಎಂದು. ಅಂಗಾತ ಮಲಗಿದವನು ಹೊರಗೆ ಬಂದು, ಎದ್ದು, ಚಪ್ಪಲಿ ಮೆಟ್ಟಿ ಓಡುವಷ್ಟು ಪುರುಸೊತ್ತನ್ನು ಯಾವ ಕಾರೂ ಕೊಡುವುದಿಲ್ಲ ಎಂಬುದು ಆತನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೂ ಇಡುತ್ತಿದ್ದ.

ಹೋದ ತಿಂಗಳು ಹರಪನಹಳ್ಳಿಯಿಂದ ಅವನ ಮಗಳು ಫೋನು ಮಾಡಿ, “ಅಪ್ಪ ಹೋದ್ರು ಅಕ್ಕಾರ” ಎಂದಳು. ನಿದ್ದೆಯಲ್ಲೇ ಹೋದನಂತೆ. ಅಷ್ಟು ಅಂಜುಬುರುಕ ಮನುಷ್ಯನಿಗೆ ಸಾವು ಎಚ್ಚರಿಸದೆ ಬಂದದ್ದು ಒಳ್ಳೆಯದೇ ಆಯಿತು ಎಂದುಕೊಂಡೆ. ಫೋನು ಇಟ್ಟು, ಬಾಗಿಲಲ್ಲಿದ್ದ ನನ್ನ ಚಪ್ಪಲಿಯನ್ನು ರಸ್ತೆಯ ಕಡೆಗೆ ತಿರುಗಿಸಿ ಇಟ್ಟೆ.

ಮೇಸ್ತ್ರಿಯ ಪರಿಚಯವಾದಾಗ ನಾನು ಕೂಡ್ಲಿಗಿಯಲ್ಲಿ ಒಂದು ಸಣ್ಣ ಹೆರಿಗೆ ಆಸ್ಪತ್ರೆಯ ನರ್ಸ್. ಸೇಂಗಾ ವ್ಯಾಪಾರಿಗಳು ಕೆಲವರು ಸೇರಿ ನಡೆಸುತ್ತಿದ್ದ ಹತ್ತು ಹಾಸಿಗೆಯ ಆಸ್ಪತ್ರೆ. ಈಗ ಅದು ಇಲ್ಲ. ತರಬೇತಿಯಲ್ಲಿ ನಮ್ಮ ಮೇಟ್ರನ್ ಕಲಿಸಿದಂತೆ ಐದಕ್ಕೆ ಏಳುತ್ತಿದ್ದೆ, ಆರಕ್ಕೆ ಕತ್ತರಿ ಚಿಮಟಗಳನ್ನು ಕುದಿಯಲು ಇಡುತ್ತಿದ್ದೆ, ಏಳಕ್ಕೆ ಜ್ವರ ನಾಡಿ ನೋಡಿ ಬರೆಯುತ್ತಿದ್ದೆ. ಕಾಗದದ ಮೇಲೆ ಬರೆಯದೆ ಇದ್ದದ್ದು ನಡೆದೇ ಇಲ್ಲ ಎಂದು ತಿಳಿಯಬೇಕು ಎನ್ನುವುದು ಆ ತಾಯಿಯ ಪಾಠ. ಆ ಪಾಠವನ್ನು ನಾನು ಬಹಳ ವರ್ಷ ನಂಬಿದ್ದೆ.

ವ್ಯಾಪಾರಿಗಳಲ್ಲಿ ಒಬ್ಬರು ತಮ್ಮ ಹಳೆಯ ಅಮೆರಿಕದ ಕಾರನ್ನು ಆಸ್ಪತ್ರೆಗೆ ಬಿಟ್ಟುಕೊಟ್ಟಿದ್ದರು. ಬಹಳ ಅಗಲದ ಕಾರು. ಹಿಂದಿನ ಸೀಟಿನಲ್ಲಿ ಬಸುರಿಯನ್ನು ಮಲಗಿಸಿ, ಕೆಳಗೆ ನಾನು ಮೊಣಕಾಲೂರಿ ಕೂಡಬಹುದಿತ್ತು. ಪೆಟ್ರೋಲು ತುಟ್ಟಿಯಾದ ಮೇಲೆ ಅದರ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂಡಿಸಿದ್ದರು. ನಮ್ಮ ಕಡೆ ಆಗ ಅಂಥ ಕಾರುಗಳು ಬೇಕಾದಷ್ಟಿದ್ದವು. ಡ್ರೈವರ್ ತಿಪ್ಪೇಸ್ವಾಮಿ ಅದನ್ನು ‘ಐರಾವತ’ ಎನ್ನುತ್ತಿದ್ದ.

ಆ ಐರಾವತಕ್ಕೆ ಒಂದು ರೋಗವಿತ್ತು. ಸಪಾಟು ರಸ್ತೆಯಲ್ಲಿ ನೀರು ಹರಿದಂತೆ ಹೋಗುವುದು. ಆದರೆ ಹಳ್ಳಕ್ಕೆ ಇಳಿದು ಆಚೆ ದಂಡೆ ಏರಬೇಕಾದಾಗ, ಗರಸು ಮಣ್ಣಿನಲ್ಲಿ ಗಾಲಿ ಜಾರಿದ ಕೂಡಲೇ, ಹಿಂಭಾಗ ಕುಣಿಯಲು ಶುರು ಮಾಡುತ್ತಿತ್ತು. ಯಾರೋ ಸೀಟಿನ ಅಡಿಯಿಂದ ಒನಕೆಯಲ್ಲಿ ಕುಟ್ಟಿದ ಹಾಗೆ ಧಡ್ ಧಡ್ ಧಡ್. ಸೀಟಿನ ಮೇಲೆ ನೋವು ತಿನ್ನುತ್ತಾ ಮಲಗಿದವಳು ನನ್ನ ಮುಂಗೈ ಹಿಡಿದುಕೊಳ್ಳುತ್ತಿದ್ದಳು. ಅಂಥವರ ಉಗುರು ಊರಿದ ಗುರುತು ನನ್ನ ಕೈಯಲ್ಲಿ ಸದಾ ಇರುತ್ತಿತ್ತು. ಕುಣಿತ ನಿಲ್ಲುವವರೆಗೆ ನಾನು ಉಸಿರು ಬಿಡುತ್ತಿರಲಿಲ್ಲ. ಒಂದು ದಿನ ಹಾಗೆ ಕುಣಿದಾಗ ಹಿಂದೆ ಏನೋ ಬೋಲ್ಟು ಕತ್ತರಿಸಿ ಹೋಯಿತು. ಪುಣ್ಯಕ್ಕೆ ಕಾರಿನಲ್ಲಿ ರೋಗಿ ಇರಲಿಲ್ಲ. ಕಾರನ್ನು ಎತ್ತು ಕಟ್ಟಿ ಎಳೆತಂದು ಮೇಸ್ತ್ರಿಯ ಶೆಡ್ಡಿನಲ್ಲಿ ನಿಲ್ಲಿಸಿದರು.

ಮೇಸ್ತ್ರಿ ಹರಪನಹಳ್ಳಿ ಕಡೆಯವನು. ಅಲ್ಲಿ ಒಂದು ಗ್ಯಾರೇಜಿನಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವನ ಎದೆಯ ಮೇಲೆ, ಜಾಕಿ ಜಾರಿ, ಕಾರು ಕೂತಿತ್ತಂತೆ. ಇದನ್ನು ನನಗೆ ಹೇಳಿದ್ದು ತಿಪ್ಪೇಸ್ವಾಮಿ. ಮೇಸ್ತ್ರಿ ಒಮ್ಮೆಯೂ ಹೇಳಲಿಲ್ಲ. ಅದಾದ ಮೇಲೆ ಕೂಡ್ಲಿಗಿಗೆ ಬಂದು ರಸ್ತೆ ಬದಿ ತಗಡಿನ ಶೆಡ್ಡು ಹಾಕಿದ್ದ. ಜಾಕಿ ಏರಿಸಿದ ಮೇಲೆ ಪಕ್ಕಕ್ಕೆ ಕಟ್ಟಿಗೆಯ ದಿಮ್ಮಿ ಇಡುತ್ತಿದ್ದ. ಅದರ ಪಕ್ಕಕ್ಕೆ ಕಲ್ಲು. ಆಮೇಲೆ ಕಾರನ್ನು ಭುಜ ಕೊಟ್ಟು ನೂಕಿ ನೋಡುತ್ತಿದ್ದ. ಬಿಗಿದ ಪ್ರತಿ ಬೋಲ್ಟಿನ ಮೇಲೆ, ಬೋಲ್ಟಿಗೂ ನಟ್ಟಿಗೂ ಕೂಡುವಂತೆ, ಎಲೆಯಡಿಕೆ ಡಬ್ಬಿಯ ಸುಣ್ಣದಿಂದ ಒಂದು ಗೆರೆ ಎಳೆಯುತ್ತಿದ್ದ. ಗೆರೆ ಮುರಿದಿದ್ದರೆ ನಟ್ಟು ಸಡಿಲಾಗಿದೆ ಎಂದರ್ಥ. ನನಗೆ ಆ ಗೆರೆ ಕಂಡ ದಿನವೇ ಆತನ ಮೇಲೆ ಗೌರವ ಬಂತು. ನನ್ನ ಜ್ವರದ ಚೀಟಿಗೂ ಅವನ ಸುಣ್ಣದ ಗೆರೆಗೂ ಏನೂ ವ್ಯತ್ಯಾಸ ಇರಲಿಲ್ಲ.

ದಾರಿಯಲ್ಲಿ ಎಲ್ಲಾದರೂ ಲಾರಿ ಬಿತ್ತು, ಕಾರು ಮಗುಚಿತು ಎಂದು ಸುದ್ದಿ ಬಂದರೆ ಕೈಲಿದ್ದ ಕೆಲಸ ಅಲ್ಲೇ ಬಿಟ್ಟು, ಆ ವಾರ ತಾನು ರಿಪೇರಿ ಮಾಡಿದ ಗಾಡಿಗಳನ್ನೆಲ್ಲಾ ಹುಡುಕಿಕೊಂಡು ಹೋಗಿ ಗೆರೆ ನೋಡಿ ಬರುತ್ತಿದ್ದ. ಸ್ವತಃ ತಾನು ಕಾರಿನಲ್ಲಿ ಕೂಡುತ್ತಿರಲಿಲ್ಲ. ಹೋದರೆ ಬಸ್ಸು, ಇಲ್ಲವೆ ಸೈಕಲ್.

“ಎಲ್ಲಾರ್ ಗಾಡಿ ರಿಪೇರಿ ಮಾಡ್ತಿ, ಕುಂದ್ರಾಕ ಮಾತ್ರ ಒಲ್ಲಿ. ಅಡಿಗಿ ಮಾಡಿದಾಕಿ ಉಣ್ಣಂಗಿಲ್ಲ ಅಂದ್ರ ಊರ ಮಂದಿಗೆ ಸಂಶೆ ಬರತೈತಲೇ!” ಎಂದು ತಿಪ್ಪೇಸ್ವಾಮಿ ಚುಚ್ಚುತ್ತಿದ್ದ.

“ನೀ ಉಣ್ಣು, ನಾ ಬಡಿಸ್ತೀನಿ,” ಎನ್ನುತ್ತಿದ್ದ ಮೇಸ್ತ್ರಿ. “ಕಬ್ಬಿಣಕ್ಕ ನಂಟಸ್ತನ ಗೊತ್ತಿಲ್ಲಲೇ ತಿಪ್ಪಾ.”

ಕಾರಿನ ರೋಗ ಏನೆಂದು ಆತ ನನಗೆ ತನ್ನ ಮೈಯನ್ನೇ ಬಳಸಿ ತೋರಿಸಿದ. ಎಡಗೈಯನ್ನು ಮುಂದಕ್ಕೆ ಚಾಚಿ, “ಇದು ಗಾಡಿ ಭಾರ ಹೊರೋ ಕಮಾನು ಪಟ್ಟಿ ಅನ್ಕಳ್ರಿ ನರ್ಸಮ್ಮಾರ,” ಎಂದ. ಬಲಗೈ ಮುಷ್ಟಿಯನ್ನು ಅದರ ನಡುವೆ ಇಟ್ಟ. “ಇದು ಗಾಲಿ ಹಿಡಕಂಡಿರೋ ಹೌಸಿಂಗು. ಡೀಸಲ್ ಎಂಜಿನ್ನು ಒಮ್ಮೆಗೇ ಜೋರು ಕೊಟ್ರ ಗಾಲಿ ತಿರಗೋ ಬದ್ಲಿ ಹೌಸಿಂಗಾ ತಿರುವಾಕ ನೋಡತೈತಿ.” ಮುಷ್ಟಿ ಹೊರಳಿತು, ಚಾಚಿದ ಕೈ ಹಾವಿನಂತೆ ಡೊಂಕಾಯಿತು. “ಪಟ್ಟಿ ಡೊಂಕಾಗತೈತಿ, ಮತ್ತ ಪಟ್ ಅಂತ ನೆಟ್ಟಗಾಗತೈತಿ. ಮತ್ತ ಡೊಂಕು, ಮತ್ತ ನೆಟ್ಟಗ. ಅದಾ ನಿಮ್ಮ ಕುಣಿತ. ಇದಕ್ಕ ಊರಗೋಲು ಕೊಡಬೇಕ್ರಿ.”

ಇಂಗ್ಲಿಷಿನಲ್ಲಿ ಇದಕ್ಕೆ ಟ್ರಾಕ್ಷನ್ ಬಾರ್ ಎನ್ನುತ್ತಾರೆಂದು ಎಷ್ಟೋ ವರ್ಷಗಳ ಮೇಲೆ ಒಬ್ಬ ಎಂಜಿನಿಯರ್ ನನಗೆ ಹೇಳಿದ. ನಮಗೆ ಅದು ಊರುಗೋಲೇ.

ಊರುಗೋಲು ಎರಡು ಥರ ಮಾಡಬಹುದಿತ್ತು. ಒಂದು ಥರದಲ್ಲಿ ಉದ್ದದ ರಾಡಿನ ಒಂದು ತುದಿ ಹೌಸಿಂಗಿನ ಅಡಿಗೆ, ಇನ್ನೊಂದು ತುದಿ ಕಾರಿನ ಅಡಿ ಚೌಕಟ್ಟಾದ ಚಾಸಿಗೆ. ಕುಣಿತ ಪೂರಾ ನಿಲ್ಲುತ್ತದೆ. ಆದರೆ ರಾಡಿನ ಉದ್ದ ಒಂದು ಬೆರಳು ತಪ್ಪಿದರೂ, ಗಾಡಿ ಭಾರಕ್ಕೆ ಕುಸಿದಾಗ ಪಟ್ಟಿಗೂ ರಾಡಿಗೂ ಜಗಳ ಹತ್ತಿ, ಯಾವುದಾದರೊಂದು ಹರಿಯುತ್ತದೆ. ಇನ್ನೊಂದು ಥರ ಸಾದಾ. ದಪ್ಪ ಪಟ್ಟಿಯೊಂದನ್ನು ಹೌಸಿಂಗಿನ ಹತ್ತಿರ ಕಮಾನು ಪಟ್ಟಿಯ ಅಡಿಗೆ ಬಿಗಿದು ಮುಂದಕ್ಕೆ ಚಾಚುವುದು. ಅದರ ತುದಿಯಲ್ಲಿ ಒಂದು ರಬ್ಬರಿನ ಗುಂಡು. ಆ ಗುಂಡಿಗೂ ಮೇಲಿನ ಕಮಾನಿನ ಮುಂದಿನ ಕೊನೆಗೂ ನಡುವೆ ಸ್ವಲ್ಪ ಸಂದು. ಹೌಸಿಂಗು ಹೊರಳಲು ನೋಡಿದರೆ ಗುಂಡು ಹೋಗಿ ಕೊನೆಗೆ ತಾಗಿ ತಡೆಯುತ್ತದೆ.

ಮೇಸ್ತ್ರಿ ಮೂರು ದಿನ ಯೋಚಿಸಿ ಎರಡನೆಯದನ್ನು ಆರಿಸಿದ. “ಇದು ತಪ್ಪಿದ್ರ ಬಡಿತೈತಿ. ಅದು ತಪ್ಪಿದ್ರ ಕೊಲ್ಲತೈತಿ.” ಆತ ಏನನ್ನು ಆರಿಸುವಾಗಲೂ ಇದೇ ಲೆಕ್ಕ. ಕೆಟ್ಟರೆ ಯಾವುದು ಕಡಿಮೆ ಕೆಡುತ್ತದೆ?

ಇನ್ನು ಸಂದಿನ ಅಳತೆ. ಭಾರ ಕೂತಷ್ಟೂ ಕಮಾನು ಕುಸಿದು ಆ ಸಂದು ಕಿರಿದಾಗುತ್ತದೆ. ಹಾಗಾಗಿ ಖಾಲಿ ಕಾರಿಗೆ ಅಳತೆ ಮಾಡಿದರೆ ಉಪಯೋಗವಿಲ್ಲ. ಮಂದಿಯನ್ನು ಕೂಡಿಸಿ ಮಾಡಬೇಕು. ನಾನು ಆಯಾ ಒಬ್ಬಳನ್ನು ಕರೆದುಕೊಂಡು ಶೆಡ್ಡಿಗೆ ಹೋದೆ. ಆಯಾ ಬಾಗಿಲ ತನಕ ಬಂದು ನಿಂತುಬಿಟ್ಟಳು.

“ನಾ ಒಲ್ಲೆವ್ವಾ. ಗಂಡಸು ಅಡಿಗೆ ಮಲಗಿರ್ತಾನ, ಮ್ಯಾಲೆ ನಾ ಕುಂದ್ರದೇನು? ಮಲಗಿದಾರ್ನ ದಾಟಬಾರ್ದು ಅಂತಾರ, ಇದು ದಾಟದ್ಕಿಂತ ಕೆಟ್ಟದ್ದು!”

ಅದಕ್ಕೆ ಜೋಳದ ಚೀಲ ತರಿಸಿದೆವು. ಆಸ್ಪತ್ರೆಯ ತಕ್ಕಡಿಯಲ್ಲಿ ತೂಗಿ, ಒಬ್ಬೊಬ್ಬ ಮನುಷ್ಯರಿಗೆ ಒಂದೊಂದು ಚೀಲ.

“ಎಷ್ಟು ಚೀಲ ಇಡ್ಲಿರಿ?” ಎಂದು ಕೇಳಿದ ಮೇಸ್ತ್ರಿ.

“ಐದು. ರೋಗಿ, ನಾನು, ಆಯಾ, ಡ್ರೈವರ್, ರೋಗಿ ಕಡೆಯವರು ಒಬ್ಬರು.” ಚೀಟಿಯಲ್ಲಿ ಬರೆದೂ ಕೊಟ್ಟೆ.

ಆತ ಚೀಟಿ ನೋಡಿದ. “ಐದಾ ಮಂದಿ ಬರ್ತಾರೇನ್ರಿ ಖರೇವಂದ್ರ?”

“ನಿಯಮ ಐದು,” ಎಂದೆ.

ನನಗೆ ಗೊತ್ತಿತ್ತು. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಹೊರಟರೆ ರಕ್ತ ಕೊಡುವವರು ಬೇಕು, ಅಣ್ಣತಮ್ಮಂದಿರು ಹತ್ತಲೇಬೇಕು, ತಾಯಿ ಬರದೆ ಇರುವುದಿಲ್ಲ. ವರ್ಷಗಟ್ಟಲೆ ಕಣ್ಣಾರೆ ನೋಡಿದ್ದೆ. ಆದರೂ ಚೀಟಿಯ ಮೇಲೆ ನನ್ನ ಕೈ ಬರೆದದ್ದು ನಿಯಮವನ್ನು. ಮೇಸ್ತ್ರಿ ಐದು ಚೀಲ ಇಟ್ಟು, ಚಪ್ಪಲಿ ತಿರುಗಿಸಿ, ಅಡಿಗೆ ಹೋದ. ಎಡಗಡೆಗೆ ಒಂದು ಬೆರಳು ಸಂದು. ಬಲಗಡೆಗೆ ಅರ್ಧ ಬೆರಳು, ಎಂಜಿನ್ ಜೋರು ಕೊಟ್ಟಾಗ ಬಲಗಾಲಿ ಹಗುರಾಗುತ್ತದಂತೆ. ಎಲ್ಲಾ ಬೋಲ್ಟಿಗೂ ಸುಣ್ಣದ ಗೆರೆ ಎಳೆದ. ಆಮೇಲೆ, ನಾವು ಯಾರೂ ನಿರೀಕ್ಷಿಸದ ಒಂದು ಮಾತು ಆಡಿದ.

“ಭಾರ ಹೊತ್ತು ಮೊದ್ಲನೇ ಸಲ ಓಡುವಾಗ ನಾನೂ ಬರ್ತೀನ್ರಿ. ಹಿಂದಿನ ಸಪ್ಪಳ ಕೇಳಬೇಕು.”

“ಎದ್ದ ನೋಡ್ರೆಪಾ ಕುಂಭಕರ್ಣ!” ಎಂದ ತಿಪ್ಪೇಸ್ವಾಮಿ. “ಬಾಗಲಾ ಹಗ್ಗ ಹಾಕಿ ಕಟ್ಲೇನು, ಹಾರಿಗೀರಿ ಬಿಟ್ಟೀ?”

ಆ ಮೊದಲನೇ ಸಲ ನಾಲ್ಕೇ ದಿನಕ್ಕೆ ಬಂತು. ಗುಡೇಕೋಟೆ ಕಡೆಯ ಒಂದು ಹಟ್ಟಿಯಿಂದ ಬೆಳಿಗ್ಗೆ ಸೈಕಲ್ ಮೇಲೆ ಆಳು ಬಂದ. ಓಬಕ್ಕ ಎನ್ನುವ ಹೆಣ್ಣುಮಗಳು ಎರಡು ದಿನದಿಂದ ನೋವು ತಿನ್ನುತ್ತಿದ್ದಾಳೆ, ಕೂಸು ಕೆಳಗಿಳಿಯುತ್ತಿಲ್ಲ. ನಮ್ಮ ಡಾಕ್ಟರಮ್ಮ ಊರಲ್ಲಿರಲಿಲ್ಲ. ಆಯಾಳನ್ನು ವಾರ್ಡಿಗೆ ಬಿಟ್ಟು ನಾನು, ತಿಪ್ಪೇಸ್ವಾಮಿ, ಮೇಸ್ತ್ರಿ ಹೊರಟೆವು.

ಗುಡಿಸಲಿನಲ್ಲಿ ಹೆಂಗಸರು ಅಳುತ್ತಿದ್ದರು, ಹೊರಗೆ ಮೇಕೆ ಒದರುತ್ತಿದ್ದವು. ನಾನು ಓಬಕ್ಕನ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಕಿವಿಗೊಟ್ಟೆ. ಕೂಸಿನ ಎದೆಬಡಿತ ಕೇಳಿಸಲಿಲ್ಲ. ಜಾಗ ಬದಲಿಸಿ ಇಟ್ಟೆ. ಕೇಳಿಸಲಿಲ್ಲ. ತಾಯಿಯ ನಾಡಿ ನೂರಾ ಇಪ್ಪತ್ತು ಇತ್ತು, ರಕ್ತ ಹೋಗುತ್ತಿತ್ತು. ಚೀಟಿಯಲ್ಲಿ ವೇಳೆ ಬರೆದು, ‘ಒಂದು ನಿಮಿಷ ಆಲಿಸಿದೆ, ಕೂಸಿನ ಬಡಿತ ಇಲ್ಲ’ ಎಂದು ಬರೆದೆ. ಯಾರಿಗೂ ಬಾಯಿಬಿಟ್ಟು ಹೇಳಲಿಲ್ಲ. ಈಗ ಉಳಿಸಬೇಕಾದದ್ದು ಓಬಕ್ಕನನ್ನು. ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬೇಗ ಮುಟ್ಟದಿದ್ದರೆ ಗರ್ಭಚೀಲವೇ ಹರಿದು ಅವಳೂ ಹೋಗುತ್ತಾಳೆ.

ಅವಳ ಗಂಡ, ಮೂವರು ಅಣ್ಣಂದಿರು, ತಾಯಿ ಹತ್ತಿದರು. ನಾನೇ ಹತ್ತಿಸಿಕೊಂಡೆ. ಗಂಡಸರಿಲ್ಲದೆ ಹೋದರೆ ರಕ್ತಕ್ಕೆ ಯಾರನ್ನು ಕೇಳುವುದು? ಗಂಡ, ತಾಯಿ ಹಿಂದೆ ನನ್ನೊಡನೆ, ಒಬ್ಬ ಅಣ್ಣ ಮುಂದೆ, ಇಬ್ಬರು ಡಿಕ್ಕಿಯಲ್ಲಿ ಕಾಲು ಇಳಿಬಿಟ್ಟು. ಒಟ್ಟು ಒಂಬತ್ತು ಮಂದಿ. ಮೇಸ್ತ್ರಿ ಎಣಿಸಿದ್ದನ್ನು ನಾನು ನೋಡಿದೆ. ಎಣಿಸಿ ನನ್ನ ಮುಖ ನೋಡಿದ. ನಾನು ಬೇರೆ ಕಡೆ ನೋಡಿದೆ.

ಹೊರಟ ಕೂಡಲೇ ತಿಳಿಯಿತು. ಭಾರಕ್ಕೆ ಕಮಾನು ಕುಸಿದು, ಸಂದು ಮುಚ್ಚಿ, ರಬ್ಬರಿನ ಗುಂಡು ಕಮಾನಿನ ಕೊನೆಗೆ ಒತ್ತಿಕೊಂಡೇ ಇತ್ತು. ಪ್ರತಿ ಕಲ್ಲಿಗೂ ಕಾರು ಮೆತ್ತಗೆ ತೂಗುವ ಬದಲು ಕೋಲಿನಂತೆ ಸೆಟೆದು ಎತ್ತಿ ಹಾಕುತ್ತಿತ್ತು. ಓಬಕ್ಕ ಪ್ರತಿ ಸಲವೂ ಕಿರುಚುತ್ತಿದ್ದಳು. ಮೇಸ್ತ್ರಿ ಮುಂದಿನ ಸೀಟಿನಲ್ಲಿ ತಲೆ ಹಿಂದಕ್ಕೆ ತಿರುಗಿಸಿ ಕಣ್ಣು ಮುಚ್ಚಿ ಕೂತಿದ್ದ. ಬಾಗಿಲ ಹಿಡಿಯನ್ನು ಹಿಡಿದಿದ್ದ ಕೈ ಬೆಳ್ಳಗಾಗಿತ್ತು. ಹಳ್ಳ ಇಳಿದು ಆಚೆ ದಂಡೆ ಏರುತ್ತಿದ್ದಾಗ ಬಲಗಡೆ ಅಡಿಯಿಂದ ‘ಟಕ್’ ಎಂದು ಒಂದು ಸಪ್ಪಳ ಬಂತು. ಹುಣಸೆಕಾಯಿ ಮುರಿದಷ್ಟು ಸಣ್ಣದು.

“ನಿಲ್ಸು!” ಎಂದ ಮೇಸ್ತ್ರಿ. “ತಿಪ್ಪಾ, ನಿಲ್ಸಲೇ!”

ಏರು ಹತ್ತಿ ಬಯಲಿಗೆ ಬಂದು ನಿಲ್ಲಿಸಿದ. ಸುತ್ತ ಕುರುಚಲು ಗುಡ್ಡ, ಮಧ್ಯಾಹ್ನದ ಬಿಸಿಲು. ಬೇರೆ ಗಾಡಿ ಬರುವ ದಾರಿಯಲ್ಲ ಅದು. ಮೇಸ್ತ್ರಿ ಬಗ್ಗಿ ಅಡಿಗೆ ನೋಡಿದ. ಬಹಳ ಹೊತ್ತು ನೋಡಿದ. ಎದ್ದಾಗ ಅವನ ಮೇಲ್ದುಟಿ ಬೆವರಿತ್ತು.

“ಏನಾತು?” ಎಂದೆ.

“ಗುಂಡು ಒತ್ತಾಕತ್ತೈತ್ರಿ. ಅಳತಿ ಸರಿ ಮಾಡಬೇಕು. ಗಂಡಸ್ರೆಲ್ಲ ಇಳೀರಿ. ಮಲಗಿದಾಕಿ, ಆಕಿ ಅವ್ವ, ನೀವು, ಮೂರಾ ಮಂದಿ ಇರ್ರಿ. ಅಳ್ಳಾಡಬ್ಯಾಡ್ರಿ.”

ಜಾಕಿ ಏರಿಸಿದ. ದಿಮ್ಮಿ ಇರಲಿಲ್ಲ. ಅಣ್ಣಂದಿರು ಹಳ್ಳದಿಂದ ಕಲ್ಲು ಹೊತ್ತು ತಂದು ಒಟ್ಟಿದರು. ದುಂಡು ಕಲ್ಲುಗಳು, ಒಂದರ ಮೇಲೊಂದು ಸರಿಯಾಗಿ ಕೂಡುತ್ತಿರಲಿಲ್ಲ. ಮೇಸ್ತ್ರಿ ಅವುಗಳನ್ನು ಮುಟ್ಟಿ ಮುಟ್ಟಿ ನೋಡಿದ. ನಾನು ಕಿಟಕಿಯಿಂದ ಅವನನ್ನೇ ನೋಡುತ್ತಿದ್ದೆ. ಅಡಿಗೆ ಹೋಗಲು ಬಗ್ಗಿದ, ಎದ್ದ. ಮತ್ತೆ ಬಗ್ಗಿದ. ಆಗ ಓಬಕ್ಕನಿಗೆ ನೋವು ಬಂತು. ಅವಳು ಬಿಲ್ಲಿನಂತೆ ಬಾಗಿ ಸೀಟು ಒದ್ದಳು. ಕಾರು ಜಾಕಿಯ ಮೇಲೆ ಕಿರ್ ಎಂದು ಅಲುಗಾಡಿತು. ಒಂದು ಕಲ್ಲು ಉರುಳಿ ಬಿತ್ತು.

ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. ತಿಪ್ಪೇಸ್ವಾಮಿಯೂ ನಗಲಿಲ್ಲ.

“ನರ್ಸಮ್ಮಾರ, ಆ ನ್ವಾವು ಯಾವಾಗ ಬರತೈತಿ ಅಂತ ಗೊತ್ತಾಗತೈತೇನ್ರಿ?”

ಗೊತ್ತಾಗುತ್ತಿತ್ತು. ಗಡಿಯಾರ ನೋಡಿದೆ. ಮೂರು ನಿಮಿಷಕ್ಕೊಮ್ಮೆ ಬರುತ್ತಿತ್ತು, ಒಂದು ನಿಮಿಷದಷ್ಟು ಇರುತ್ತಿತ್ತು. ಹೊಟ್ಟೆಯ ಮೇಲೆ ಕೈ ಇಟ್ಟರೆ, ಅವಳಿಗೆ ತಿಳಿಯುವ ಮೊದಲೇ ನನಗೆ ಗರ್ಭ ಗಟ್ಟಿಯಾಗುವುದು ತಿಳಿಯುತ್ತಿತ್ತು.

“ಎರಡು ನಿಮಿಷ ಸಿಗುತ್ತೆ ನಿಮಗೆ. ಬಂತು ಅಂತ ನಾನು ಕೂಗಿದ ಕೂಡ್ಲೇ ಹೊರಗೆ ಬನ್ನಿ. ಹೋಯಿತು ಅಂದ ಮೇಲೆ ಹೋಗಿ.”

ಹಾಗೆ ಮಾಡಿದೆವು. “ಹೋಯಿತು!” ಆತ ಅಡಿಗೆ ಸರಿಯುವ ಸಪ್ಪಳ, ಸ್ಪ್ಯಾನರಿನ ಸಪ್ಪಳ, ಸರಪಳಿ ಎಳೆದ ಸಪ್ಪಳ. “ಬಂತು!” ಆತ ತೆವಳಿ ಹೊರಗೆ. ಕಾರು ಅಲುಗಾಡಿ ನಿಲ್ಲುತ್ತಿತ್ತು. “ಹೋಯಿತು!” ಮತ್ತೆ ಅಡಿಗೆ. ಓಬಕ್ಕನ ತಾಯಿ, “ಅಯ್ಯೋ ಯಪ್ಪಾ, ನಿನ್ನ ಮ್ಯಾಲೆ ಕುಂತೀವಲ್ಲೋ, ಪಾಪ ಹತ್ತತೈತಿ” ಎಂದು ಗೋಳಾಡಿದಾಗ ಕೆಳಗಿನಿಂದ ಅವನ ದನಿ ಬಂತು. “ತಾಯಿ ತಲಿ ಮ್ಯಾಲೆ ಕುಂತಾಳ ಅನ್ಕಂತೀನಿ, ಸುಮ್ಕ ಕುಂದ್ರಬೇ.”

ನಾಲ್ಕನೆಯ ಸಲ ನಾನು ತಡ ಮಾಡಿದೆ. ಅವಳ ನಾಡಿ ಎಣಿಸುತ್ತಿದ್ದೆ. ಹೊಟ್ಟೆಯ ಮೇಲಿನ ಕೈ ತೆಗೆದಿದ್ದೆ. ಅವಳು ಒದ್ದಳು. ಕಾರು ವಾಲಿತು. ಕಲ್ಲು ಕಲ್ಲಿಗೆ ಉಜ್ಜಿದ ಸಪ್ಪಳ ಬಂತು.

“ಮೇಸ್ತ್ರಿ?”

ಸದ್ದಿಲ್ಲ.

“ಮೇಸ್ತ್ರಿ!”

“ಅದೀನ್ರಿ,” ಎಂದ ಕೊನೆಗೆ. “ಹೇಳೋದು ಮರತ್ರಿ.”

ಐದನೆಯ ಸಲಕ್ಕೆ ಕೆಲಸ ಮುಗಿಯಿತು. ಜಾಕಿ ಇಳಿಸಿ, ಎಲ್ಲರನ್ನೂ ಹತ್ತಿಸಿಕೊಂಡು ಹೊರಟೆವು. ಮೇಸ್ತ್ರಿ ಈ ಸಲ ತಿಪ್ಪೇಸ್ವಾಮಿಗೆ ಒತ್ತಿ ಕೂತು, “ಬಂಡಿ ಹೊಡದಂಗ ಹೊಡಿ. ಸಾವಕಾಶ,” ಎಂದ. ಇನ್ನೂ ಮೂವತ್ತು ಮೈಲಿ ದಾರಿ. ನಾಡಿ ನೂರಾ ಮೂವತ್ತಕ್ಕೆ ಏರಿತ್ತು, ಅವಳ ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ನಾನು “ಬೇಗ” ಎಂದರೆ ಆತ “ಸಾವಕಾಶ” ಎನ್ನುತ್ತಿದ್ದ. ಡಾಂಬರು ಬಂದ ಮೇಲೂ ಸಾವಕಾಶ. ಕೊನೆಗೆ ನನ್ನ ತಾಳ್ಮೆ ಹೋಯಿತು.

“ನಿಮ್ಮ ಪುಕ್ಕಲುತನಕ್ಕೆ ಈಕೆ ಸಾಯಬೇಕೇನು? ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ!”

ಎಲ್ಲರ ಮುಂದೆ ಅಂದೆ. ಆತ ಬಾಯಿ ಮುಚ್ಚಿದ. ಆದರೆ ತಿಪ್ಪೇಸ್ವಾಮಿಯ ತೊಡೆಯ ಮೇಲೆ ಕೈ ಇಟ್ಟ, ಕೈ ತೆಗೆಯಲಿಲ್ಲ. ತಿಪ್ಪೇಸ್ವಾಮಿ ಆ ಕೈಯನ್ನೊಮ್ಮೆ ನೋಡಿದ. ಹದಿನೈದು ವರ್ಷ ಯಾರ ಮಾತನ್ನೂ ಕೇಳದೆ ಗಾಡಿ ಹೊಡೆದವನು, ನನ್ನ ಮಾತನ್ನೂ ಮೀರಿ, ಸಾವಕಾಶವಾಗಿಯೇ ಹೊಡೆದ.

ಓಬಕ್ಕನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ ಮೇಸ್ತ್ರಿ ನನ್ನನ್ನು ಕಾರಿನ ಹತ್ತಿರ ಕರೆದ. “ಬಗ್ಗಿ ನೋಡ್ರಿ.” ಬಗ್ಗಿದೆ. ಬಲಗಡೆಯ ಕಮಾನಿನ ಮೇಲಿನ ಪಟ್ಟಿ, ಕಾರನ್ನೂ ಗಾಲಿಯನ್ನೂ ಕೂಡಿಸಿ ಹಿಡಿಯುವ ಮುಖ್ಯ ಪಟ್ಟಿ, ಮುಂದಿನ ಕೊನೆಯ ಹತ್ತಿರ ಪೂರಾ ಸೀಳಿತ್ತು. ಮೇಸ್ತ್ರಿ ರಬ್ಬರಿನ ಗುಂಡು ತೆಗೆದು, ಊರುಗೋಲಿನ ತುದಿಯನ್ನು ಸರಪಳಿ ಸುತ್ತಿ ಕಮಾನಿನ ಕೊನೆಗೆ ಬಿಗಿದಿದ್ದ. ಮುರಿದ ಕಾಲಿಗೆ ನಾವು ಹಲಗೆ ಕಟ್ಟುತ್ತೇವಲ್ಲ, ಹಾಗೆ. ಆ ಸರಪಳಿ ಬಿಟ್ಟಿದ್ದರೆ ಗಾಲಿ ಓರೆಯಾಗಿ ಒಂಬತ್ತು ಮಂದಿಯೂ ದಾರಿ ಬದಿಯ ತಗ್ಗಿಗೆ ಹೋಗುತ್ತಿದ್ದೆವು.

“ಅಲ್ಲೇ ಯಾಕೆ ಹೇಳಲಿಲ್ಲ?” ಎಂದೆ.

“ಹೇಳಿದ್ರ ನೀವು ಹತ್ತತಿದ್ದಿಲ್ರಿ. ನೀವು ಹತ್ತದಿದ್ರ ಆಕಿ ಅಲ್ಲೇ ಹೋಗಿರೋಳು.” ಆತ ಗೋಡೆ ಹಿಡಿದು ಕೂತ. ಅವನ ಎರಡೂ ಕಾಲು ಮೊಣಕಾಲಿನಿಂದ ಕೆಳಗೆ ಕುಣಿಯುತ್ತಿದ್ದವು. ಕೈಯಿಂದ ಒತ್ತಿ ಹಿಡಿದರೂ ನಿಲ್ಲಲಿಲ್ಲ. ನಮ್ಮಲ್ಲಿ ಆ ಮೂವತ್ತು ಮೈಲಿಯೂ ಗೊತ್ತಿದ್ದು ಕೂತವನು ಅವನೊಬ್ಬನೇ.

ಓಬಕ್ಕ ಉಳಿದಳು. ಕೂಸು ಉಳಿಯಲಿಲ್ಲ.

ಸುದ್ದಿ ಕೇಳಿದ ಮೇಲೆ ಮೇಸ್ತ್ರಿ ಮೊದಲು ಕೇಳಿದ್ದು, “ಜೋರಾಗಿ ಬಂದಿದ್ರ ಕೂಸು ಉಳಿತಿತ್ತೇನ್ರಿ?”

“ಇಲ್ಲ. ಹಟ್ಟಿ ಬಿಡುವ ಮುಂಚೆಯೇ ಅದರ ಉಸಿರು ಹೋಗಿತ್ತು. ನಾನು ಕೇಳಿ ನೋಡಿದ್ದೆ.”

ಆತ ತಲೆ ಆಡಿಸಿದ. ಒಪ್ಪಿದ ಹಾಗೆ ಅಲ್ಲ. ನಾನು ಹೀಗೇ ಹೇಳುತ್ತೇನೆಂದು ಗೊತ್ತಿದ್ದ ಹಾಗೆ.

ವಾರದಲ್ಲಿ ಹೊಸ ಪಟ್ಟಿ ಬಂತು. ಈ ಸಲ ನನ್ನನ್ನು ಕೇಳದೆ ಒಂಬತ್ತು ಚೀಲ ಇಟ್ಟು ಅಳತೆ ಮಾಡಿದ. ಆಮೇಲೆ ಆ ಕಾರು ಕುಣಿಯಲಿಲ್ಲ, ಬಡಿಯಲೂ ಇಲ್ಲ. ಆದರೆ ನಾನು ಶೆಡ್ಡಿನ ಮುಂದೆ ಹಾದಾಗಲೆಲ್ಲ ಆತ ಕೈ ಒರೆಸಿಕೊಂಡು ಹೊರಗೆ ಬಂದು ಅದೇ ಪ್ರಶ್ನೆ ಕೇಳುತ್ತಿದ್ದ. ಅದೇ ಉತ್ತರ ಕೊಡುತ್ತಿದ್ದೆ. ಒಂದು ದಿನ ಬೇಸತ್ತು ಓಬಕ್ಕನ ಚೀಟಿಯನ್ನೇ ತಂದು ಮುಂದೆ ಹಿಡಿದೆ. “ನೋಡಿ. ವೇಳೆ ಸಮೇತ ಬರೆದಿದ್ದೀನಿ.”

ಆತ ಓದಿದ. ನಿಧಾನವಾಗಿ, ಅಕ್ಷರ ಕೂಡಿಸಿಕೊಂಡು. ವಾಪಸು ಕೊಟ್ಟ.

“ಐದು ಮಂದಿ ಅಂತಾನೂ ನೀವಾ ಬರದಿದ್ರಿ, ನರ್ಸಮ್ಮಾರ.”

ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಇದ್ದದ್ದನ್ನು ಹೇಳಿದ, ಅಷ್ಟೇ. ಆದರೆ ಅಂದಿನಿಂದ ಅವನ ಅಂಜಿಕೆ ನನಗೆ ಅಂಟಿತು. ಒಂದು ನಿಮಿಷ ಪೂರ್ತಿ ಆಲಿಸಿದ್ದೆನೆ? ಗಡಿಯಾರ ನೋಡಿದ್ದೆನೆ? ಗುಡಿಸಲಲ್ಲಿ ಅಳು, ಹೊರಗೆ ಮೇಕೆ, ಹೊರಡುವ ಅವಸರ. ಕೂಸಿನ ಬಡಿತ ಕೆಲವೊಮ್ಮೆ ಸೋತು ಬಹಳ ಮೆತ್ತಗಾಗಿರುತ್ತದೆ. ಗದ್ದಲದಲ್ಲಿ ಕಿವಿಗೆ ಸಿಗುವುದಿಲ್ಲ. ನಾನು ‘ಒಂದು ನಿಮಿಷ’ ಎಂದು ಬರೆದದ್ದು ಆಲಿಸಿದ್ದಕ್ಕೋ, ಹಾಗೆ ಬರೆಯಬೇಕೆಂಬ ನಿಯಮಕ್ಕೋ? ಮುಂದೆ ಕೆಲಸದಲ್ಲಿ ಇದ್ದಷ್ಟು ವರ್ಷವೂ ಒಂದೊಂದು ಕೂಸಿಗೂ ಗಡಿಯಾರ ಎದುರಿಗಿಟ್ಟು ಮೂರು ಮೂರು ಸಲ ಕೇಳಿದೆ. ನನ್ನನ್ನು ಶಿಸ್ತಿನವಳು ಎಂದು ಎಲ್ಲರೂ ಹೊಗಳಿದರು. ಅದು ಶಿಸ್ತಾಗಿರಲಿಲ್ಲ, ಭಯವಾಗಿತ್ತು.

ಮೇಸ್ತ್ರಿ ವಯಸ್ಸಾದ ಮೇಲೆ ಶೆಡ್ಡು ಮುಚ್ಚಿ ಹರಪನಹಳ್ಳಿಗೆ ಮಗಳ ಮನೆಗೆ ಹೋದ. ನಾಲ್ಕು ತಿಂಗಳ ಹಿಂದೆ ನೋಡಲು ಹೋಗಿದ್ದೆ. ಮಂಚದ ಮೇಲೆ ಮಲಗಿದ್ದ, ಮೈ ಕಡ್ಡಿಯಂತಾಗಿತ್ತು. ಮಗಳು ಚಹಾ ಮಾಡಲು ಒಳಗೆ ಹೋದಳು. ನನ್ನನ್ನು ಗುರುತು ಹಿಡಿದವನೇ, ಕ್ಷೇಮವನ್ನೂ ಕೇಳದೆ, ಅದನ್ನೇ ಕೇಳಿದ.

“ಜೋರಾಗಿ ಹೋಗಿದ್ರ ಉಳಿತಿತ್ತೇನ್ರಿ ಅದು?”

ಎಂದಿನ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿ ಎದ್ದು ಬರಬಹುದಿತ್ತು. ನಲವತ್ತು ವರ್ಷ ಮಾಡಿದ ಕೆಲಸವೆಲ್ಲಾ ಆ ಒಂದು ಮಾತಿನಿಂದ ಕುಸಿಯುತ್ತದೆ ಎನ್ನುವಂತೆ ಅಂಜಿಕೆಯಾಯಿತು.

“ಮೇಸ್ತ್ರಿ, ಒಂದು ನಿಮಿಷ ಕೇಳಿದೆ ಅಂತ ಬರೆದಿದ್ದೆ. ಪೂರಾ ಕೇಳಿರಲಿಲ್ಲ. ಅರ್ಧ ನಿಮಿಷ ಇರಬಹುದು. ಅವಸರ ಮಾಡಿದೆ. ಕೂಸು ಹೋಗಿತ್ತೋ ಇಲ್ಲವೋ ನನಗೂ ಖಾತ್ರಿ ಗೊತ್ತಿಲ್ಲ.”

ಬೈಯುತ್ತಾನೆ ಎಂದುಕೊಂಡೆ. ಅಳುತ್ತಾನೆ ಎಂದುಕೊಂಡೆ. ಎರಡೂ ಮಾಡಲಿಲ್ಲ. ಮೊಣಕೈ ಊರಿ, ಕಷ್ಟಪಟ್ಟು, ಗೋಡೆಯ ಕಡೆಗೆ ಸರಿದ. ಮಂಚದಲ್ಲಿ ಒಬ್ಬರು ಕೂಡುವಷ್ಟು ಜಾಗವಾಯಿತು. ಅಷ್ಟು ವರ್ಷದಲ್ಲಿ ನನ್ನನ್ನು ‘ರಿ’ ಹಚ್ಚದೆ ಮಾತಾಡಿಸದವನು, ಆ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದ.

“ಬಾ ಯವ್ವಾ. ಕುಂದ್ರು.”